ವಾರಕ್ಕೆ ಐದು ಸಾವಿರ ಕಾರು: ಎಷ್ಟು ಹಣ, ಎಷ್ಟು ಕಾಲ?

ಎಲೆಕ್ಟ್ರಿಕ್ ಕಾರುಗಳ ತಯಾರಿಕೆ ಹೆಚ್ಚಿಸುವುದಕ್ಕೆ ತಗಲುವ ಖರ್ಚು ಮತ್ತು ಸಮಯದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ.

ಪ್ರಶ್ನೆ: ಪ್ರದರ್ಶನದ ವೇದಿಕೆಗೆ ಓಡುವ ಕಾರನ್ನೇ ತರುತ್ತಾರೆ. ಆದರೂ ಅದು ಗಿರಾಕಿಗೆ ಸಿಗಲು ಮೂರು ನಾಲ್ಕು ವರ್ಷ ಏಕೆ?

ಉತ್ತರ: ವೇದಿಕೆಗೆ ಬರುವ ಕಾರು ಕೈಯಲ್ಲಿ ಕಟ್ಟಿದ್ದು. ಅದರ ಬಾಗಿಲನ್ನು ಕುಶಲಕರ್ಮಿಗಳು ತಟ್ಟಿ, ಉಜ್ಜಿ, ಅಳತೆ ನೋಡಿ ಕೂರಿಸಿರುತ್ತಾರೆ. ಅದೇ ಬಾಗಿಲು ನಿಮಿಷಕ್ಕೊಂದರಂತೆ ಹೊರಬರಬೇಕಾದರೆ ತಗಡನ್ನು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚು, ಅಂದರೆ ಡೈ ಬೇಕು. ವಿನ್ಯಾಸ ಅಂತಿಮವಾದ ಮೇಲೆ ದೊಡ್ಡ ಪ್ಯಾನೆಲ್‌ಗಳ ಡೈ ಸಿದ್ಧವಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ ಸಾಮಾನ್ಯ. ಬಂದ ಡೈಯನ್ನು ಪ್ರೆಸ್‌ಗೆ ಏರಿಸಿ ತಗಡು ಒತ್ತಿದಾಗ ಒಂದು ಮೂಲೆ ಸೀಳುತ್ತದೆ, ಇನ್ನೊಂದು ಸುಕ್ಕುಗಟ್ಟುತ್ತದೆ. ಒತ್ತಡ ತೆಗೆದ ಕೂಡಲೇ ತಗಡು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಡೈಯನ್ನು ಇಳಿಸಿ, ಉಜ್ಜಿ, ಮತ್ತೆ ಏರಿಸಬೇಕು. ಇದೇ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ.

ಅದರ ಜೊತೆಜೊತೆಗೇ ಕಾರನ್ನು ಗುದ್ದಿಸಿ ನೋಡುವ ಡಿಕ್ಕಿ ಪರೀಕ್ಷೆ, ಕೊರೆಯುವ ಚಳಿಯಲ್ಲೂ ಸುಡುವ ಬಿಸಿಲಲ್ಲೂ ಓಡಿಸಿ ನೋಡುವುದು, ಬಿಡಿಭಾಗ ಪೂರೈಸುವವರ ಅಚ್ಚುಗಳ ತಯಾರಿ, ಸರ್ಕಾರಿ ಅನುಮೋದನೆ ಎಲ್ಲವೂ ಆಗಬೇಕು. ಈ ಹಂತದಲ್ಲಿ ಒಂದು ಬ್ರಾಕೆಟ್ಟನ್ನು 5 ಮಿಲಿಮೀಟರ್ ಸರಿಸಿದರೂ ಡೈ, ವೆಲ್ಡಿಂಗ್ ವೇಳೆ ಭಾಗ ಹಿಡಿದಿಡುವ ಫಿಕ್ಸ್ಚರ್, ಪೂರೈಕೆದಾರರ ಅಚ್ಚು ಮೂರನ್ನೂ ತಿದ್ದಬೇಕಾಗುತ್ತದೆ. ಕೆಲವೊಮ್ಮೆ ಡಿಕ್ಕಿ ಪರೀಕ್ಷೆಯನ್ನೂ ಮತ್ತೆ ಮಾಡಬೇಕು. ಹಾಗಾಗಿ ಕಾರು ಅನಾವರಣವಾದ ದಿನಕ್ಕಿಂತ, ವಿನ್ಯಾಸಕ್ಕೆ ಬೀಗ ಬಿದ್ದ ದಿನದಿಂದ ಲೆಕ್ಕ ಹಾಕುವುದು ಸರಿ. ಟೆಸ್ಲಾ ಸೈಬರ್‌ಟ್ರಕ್ 2019ರ ನವೆಂಬರ್‌ನಲ್ಲಿ ಅನಾವರಣಗೊಂಡು, ಗಿರಾಕಿಗಳಿಗೆ ಸಿಕ್ಕಿದ್ದು 2023ರ ನವೆಂಬರ್ ಕೊನೆಗೆ. ಇನ್ನು ವ್ಯಾಕ್ಯೂಮ್ ಕ್ಲೀನರ್‌ಗೆ ಹೆಸರಾದ ಡೈಸನ್ ಕಂಪನಿ ಸುಮಾರು 50 ಕೋಟಿ ಪೌಂಡ್ ಖರ್ಚು ಮಾಡಿದ ಮೇಲೆ 2019ರ ಅಕ್ಟೋಬರ್‌ನಲ್ಲಿ ಕಾರಿನ ಯೋಜನೆಯನ್ನೇ ಕೈಬಿಟ್ಟಿತು. ಓಡುವ ಮಾದರಿ ಸಿದ್ಧವಿತ್ತು. ಲಾಭ ಬರುವ ಬೆಲೆಗೆ ಅದನ್ನು ಮಾರುವ ದಾರಿ ಕಾಣಲಿಲ್ಲ.

ಪ್ರಶ್ನೆ: ಟೆಸ್ಲಾ ಮಾಡೆಲ್ 3 ಕಾರನ್ನು 2017ರ ಕೊನೆಗೆ ವಾರಕ್ಕೆ 5,000 ಮಾಡುತ್ತೇವೆ ಎಂದಿದ್ದರು. ಆರು ತಿಂಗಳು ತಡವಾಯಿತು. ಹಣವೂ ಇತ್ತು, ಬುಕಿಂಗೂ ಇತ್ತು. ಎಡವಿದ್ದು ಎಲ್ಲಿ?

ಉತ್ತರ: ಮೊದಲು ಅಂಕಿಗಳನ್ನು ನೋಡಿ. 2017ರ ಜುಲೈ 28ರಂದು ಮೊದಲ 30 ಕಾರುಗಳನ್ನು ಹಸ್ತಾಂತರಿಸಿದರು. ಜುಲೈ-ಸೆಪ್ಟೆಂಬರ್ ಅವಧಿಗೆ ಗುರಿ 1,500, ತಯಾರಾದದ್ದು 260. ಮುಂದಿನ ಮೂರು ತಿಂಗಳಲ್ಲಿ 2,425. ಅದರ ಮುಂದಿನ ಮೂರು ತಿಂಗಳಲ್ಲಿ 9,766. 2018ರ ಏಪ್ರಿಲ್-ಜೂನ್‌ನಲ್ಲಿ 28,578. ವಾರಕ್ಕೆ 5,000 ದಾಟಿದ್ದು ಆ ಜೂನ್‌ನ ಕೊನೆಯ ವಾರದಲ್ಲಿ.

ಎಡವಿದ್ದು ಕಾರಿನ ಕಾರ್ಖಾನೆಗಿಂತ ಮೊದಲು ಬ್ಯಾಟರಿ ಮಾಡ್ಯೂಲ್ ಜೋಡಿಸುವ ಲೈನ್‌ನಲ್ಲಿ, ಅಂದರೆ ಅಮೆರಿಕದ ನೆವಾಡಾದಲ್ಲಿ. ಹಲವು ಸೆಲ್ ಸೇರಿದರೆ ಮಾಡ್ಯೂಲ್, ಮಾಡ್ಯೂಲ್‌ಗಳು ಸೇರಿದರೆ ಕಾರಿನ ಬ್ಯಾಟರಿ ಪ್ಯಾಕ್. ಹೆಚ್ಚು ದೂರ ಓಡುವ ಮಾಡೆಲ್ 3 ಪ್ಯಾಕ್‌ನಲ್ಲಿ 4,416 ಸೆಲ್‌ಗಳು, 4 ಮಾಡ್ಯೂಲ್‌ಗಳು. ವಾರಕ್ಕೆ 5,000 ಕಾರು ಎಂದರೆ 20,000 ಮಾಡ್ಯೂಲ್. ಹಗಲೂ ರಾತ್ರಿ ಏಳೂ ದಿನ ಲೈನ್ ಓಡಿದರೂ ಒಂದು ಮಾಡ್ಯೂಲ್‌ಗೆ ಸಿಗುವ ಸಮಯ 30 ಸೆಕೆಂಡು. ಸೆಲ್‌ಗಳ ಲೆಕ್ಕದಲ್ಲಿ ವಾರಕ್ಕೆ 2.2 ಕೋಟಿ, ಸೆಕೆಂಡಿಗೆ 36ಕ್ಕೂ ಹೆಚ್ಚು. ಪ್ರತಿ ಸೆಲ್ಲನ್ನೂ ಸರಿಯಾದ ಜಾಗದಲ್ಲಿಟ್ಟು, ಅಂಟು ಹಾಕಿ, ವಿದ್ಯುತ್ ಸಂಪರ್ಕ ಕೊಟ್ಟು, ಪರೀಕ್ಷಿಸಬೇಕು. ಆ ಲೈನ್‌ನ ಒಂದು ವಿಭಾಗವನ್ನು ಹೊರಗಿನವರಿಗೆ ವಹಿಸಿದ್ದರು. ಅವರ ಯಂತ್ರಗಳು ಹೇಳಿದ ವೇಗಕ್ಕೆ ಬರಲಿಲ್ಲ. ಸಾಫ್ಟ್‌ವೇರನ್ನು ಮೊದಲಿನಿಂದ ಬರೆಯಬೇಕಾಯಿತು. ಅಲ್ಲಿಯವರೆಗೆ ಅನೇಕ ಮಾಡ್ಯೂಲ್‌ಗಳನ್ನು ಜನರೇ ಕೈಯಿಂದ ಜೋಡಿಸಿದರು. ಕೊನೆಗೆ ಜರ್ಮನಿಯಲ್ಲಿ ಟೆಸ್ಲಾ ಕೊಂಡುಕೊಂಡಿದ್ದ ಗ್ರೋಮನ್ ಸಂಸ್ಥೆಯಲ್ಲಿ ಕಟ್ಟಿದ ಹೊಸ ಲೈನನ್ನೇ ನೆವಾಡಾಕ್ಕೆ ಸಾಗಿಸಿದರು.

ಇಲ್ಲಿ ಒಂದು ಗಣಿತ ಅರ್ಥವಾಗಬೇಕು, ಏಕೆಂದರೆ ಉಳಿದ ಎಲ್ಲ ಉತ್ತರಗಳಿಗೂ ಇದೇ ಬುನಾದಿ. ಒಂದರ ಹಿಂದೊಂದು 50 ಸ್ಟೇಷನ್‌ಗಳಿರುವ (ಒಂದೊಂದರಲ್ಲೂ ಒಂದೊಂದು ಕೆಲಸ) ಸ್ವಯಂಚಾಲಿತ ಲೈನ್ ಇದೆ ಎನ್ನಿ. ಪ್ರತಿ ಸ್ಟೇಷನ್ನೂ 98% ಸಮಯ ಸರಿಯಾಗಿ ಓಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಒಂದು ನಿಂತರೆ ಎಲ್ಲವೂ ನಿಲ್ಲುವಂತಿದ್ದರೆ, ಇಡೀ ಲೈನ್ ಓಡುವುದು 36% ಸಮಯ ಮಾತ್ರ. ಪ್ರತಿ ಸ್ಟೇಷನ್ನನ್ನು 99.5%ಕ್ಕೆ ತಂದರೆ ಲೈನ್ 78%ಕ್ಕೆ ಏರುತ್ತದೆ. ತಯಾರಿಕೆ ಹೆಚ್ಚಿಸುವುದು ಎಂದರೆ ಬಹುಪಾಲು ಆ ಒಂದೂವರೆ ಶೇಕಡಾವನ್ನು ಒಂದೊಂದು ಸ್ಟೇಷನ್‌ನಲ್ಲೂ ಹುಡುಕಿ ತೆಗೆಯುವ ಕೆಲಸ. ಎಲ್ಲೋ ಒಂದು ಸೆನ್ಸರ್‌ನ ಮೇಲೆ ಅಂಟಿನ ಎಳೆ ಕೂತಿರುತ್ತದೆ, ಇನ್ನೆಲ್ಲೋ ರೊಬಾಟ್‌ನ ಹಿಡಿಕೆ ಇಪ್ಪತ್ತು ಸಲಕ್ಕೊಮ್ಮೆ ಭಾಗವನ್ನು ಜಾರಿಸುತ್ತದೆ. ಹಣ ಸುರಿದರೆ ಇದು ಬೇಗ ಆಗುವುದಿಲ್ಲ. ಲೈನ್ ಓಡಿಸಿ, ನಿಂತಾಗ ಕಾರಣ ಬರೆದುಕೊಂಡು, ಸರಿಪಡಿಸಿ, ಮತ್ತೆ ಓಡಿಸಬೇಕು. ಮಧ್ಯೆ ಮಧ್ಯೆ ಅರೆಸಿದ್ಧ ಭಾಗಗಳ ದಾಸ್ತಾನು ಇಟ್ಟರೆ ಒಂದು ಸ್ಟೇಷನ್ ನಿಂತರೂ ಮುಂದಿನದು ಓಡುತ್ತದೆ. ಆದರೆ ಅದಕ್ಕೆ ಜಾಗ ಬೇಕು, ಅಷ್ಟು ಮಾಲಿನಲ್ಲಿ ಹಣ ಕಟ್ಟಿಬೀಳುತ್ತದೆ.

ಒಂದು ಉದಾಹರಣೆ ಬಹಳ ಬೋಧಪ್ರದ. ಪ್ಯಾಕ್‌ನ ಮೇಲೆ ಫೈಬರ್‌ಗ್ಲಾಸ್‌ನ ಮೆತ್ತನೆಯ ಹಾಸು ಹೊದಿಸಲು ಒಂದು ರೊಬಾಟ್ ಇಟ್ಟಿದ್ದರು. ಮೆತ್ತನೆಯ ವಸ್ತುವನ್ನು ಹಿಡಿದೆತ್ತುವುದು ರೊಬಾಟ್‌ಗೆ ಕಷ್ಟ. ಲೈನ್ ಪದೇ ಪದೇ ನಿಲ್ಲುತ್ತಿತ್ತು. ಕೊನೆಗೆ ಈ ಹಾಸು ಏಕೆ ಬೇಕು ಎಂದು ವಿಚಾರಿಸಿದರೆ, ಬ್ಯಾಟರಿ ತಂಡದವರು ಅದು ಸದ್ದು ತಡೆಯಲು ಎಂದರು, ಸದ್ದಿನ ತಂಡದವರು ಬೆಂಕಿ ತಡೆಯಲು ಎಂದರು. ಹಾಸು ಇದ್ದಾಗ, ಇಲ್ಲದಾಗ ಮೈಕ್ ಇಟ್ಟು ಅಳೆದರೆ ವ್ಯತ್ಯಾಸವೇ ಇರಲಿಲ್ಲ. ಹಾಸನ್ನೂ ತೆಗೆದರು, ರೊಬಾಟನ್ನೂ ತೆಗೆದರು. ಅತಿಯಾದ ಯಾಂತ್ರೀಕರಣ ತಪ್ಪಾಯಿತು ಎಂದು ಟೆಸ್ಲಾ ಮುಖ್ಯಸ್ಥ ಎಲಾನ್ ಮಸ್ಕ್ 2018ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. ಕಾರು ಜೋಡಿಸುವ ಫ್ರೀಮಾಂಟ್ ಕಾರ್ಖಾನೆಯಲ್ಲಿ ಭಾಗಗಳನ್ನು ಸಾಗಿಸುವ ಜಟಿಲ ಕನ್ವೇಯರ್ ಜಾಲವನ್ನು ಕಿತ್ತುಹಾಕಿದರು. ಅಂಗಳದಲ್ಲಿ ದೊಡ್ಡ ಡೇರೆ ಎತ್ತಿ, ಅದರೊಳಗೆ ಸರಳವಾದ ಜೋಡಣೆ ಲೈನ್ ಹಾಕಿದರು. ಗುರಿ ಮುಟ್ಟಲು ಆ ಡೇರೆಯೂ ನೆರವಾಯಿತು.

ಪ್ರಶ್ನೆ: ಹಾಗಿದ್ದರೆ ಶಾಂಘೈ ಕಾರ್ಖಾನೆ ಒಂದೇ ವರ್ಷದಲ್ಲಿ ಹೇಗೆ ಎದ್ದಿತು?

ಉತ್ತರ: 2019ರ ಜನವರಿ 7ರಂದು ಭೂಮಿಪೂಜೆ, ಡಿಸೆಂಬರ್ 30ರಂದು ಮೊದಲ ಕಾರುಗಳ ಹಸ್ತಾಂತರ. ನಿರ್ಮಾಣದ ವೇಗ, ಸ್ಥಳೀಯ ಆಡಳಿತದ ನೆರವು ಎರಡೂ ಇದ್ದವು. ಆದರೆ ಮುಖ್ಯ ಕಾರಣ, ಅಲ್ಲಿ ತಯಾರಾದದ್ದು ಫ್ರೀಮಾಂಟ್‌ನಲ್ಲಿ ಒಂದೂವರೆ ವರ್ಷ ಒದ್ದಾಡಿ ಪಳಗಿದ ಕಾರು. ಯಾವ ಸ್ಟೇಷನ್ ಬೇಕು, ಯಾವುದು ಬೇಡ ಎಂಬುದು ಮೊದಲೇ ತಿಳಿದಿತ್ತು. ಹಳೆಯ ಕಾರು ಹೊಸ ಕಾರ್ಖಾನೆಯಲ್ಲಿ ಬೇಗ ಹಿಡಿತಕ್ಕೆ ಬರುತ್ತದೆ. ಹೊಸ ಕಾರು, ಹೊಸ ಕಾರ್ಖಾನೆ, ಹೊಸ ಸೆಲ್ ಮೂರೂ ಒಟ್ಟಿಗೆ ಶುರುವಾಗುತ್ತವೆ ಎಂದು ಯಾರಾದರೂ ಘೋಷಿಸಿದರೆ, ಅವರು ಹೇಳಿದ ದಿನಾಂಕವನ್ನು ನಂಬಬೇಡಿ.

ಪ್ರಶ್ನೆ: ಒಂದು ಕಾರ್ಖಾನೆಗೆ ಎಷ್ಟು ಹಣ ಬೇಕು? ಕೆಲವು ಕಂಪನಿಗಳಿಗೆ ಪ್ರತಿ ಕಾರಿಗೂ ಸಾವಿರಾರು ಡಾಲರ್ ನಷ್ಟ ಎಂದು ಓದುತ್ತೇವೆ. ನಷ್ಟವಾಗುವ ವಸ್ತುವನ್ನು ಹೆಚ್ಚು ಹೆಚ್ಚು ಮಾಡುವುದು ಯಾವ ಜಾಣತನ?

ಉತ್ತರ: ಇದ್ದ ಕಾರ್ಖಾನೆಯನ್ನು ಬದಲಿಸಿದ್ದಕ್ಕೆ ಒಂದು ಖಚಿತ ಉದಾಹರಣೆ ಫೋಕ್ಸ್‌ವ್ಯಾಗನ್‌ನದು. ಜರ್ಮನಿಯ ಸ್ವಿಕಾವ್ ಕಾರ್ಖಾನೆಯನ್ನು ಪೆಟ್ರೋಲ್-ಡೀಸೆಲ್ ಕಾರುಗಳಿಂದ ಪೂರ್ತಿ ಎಲೆಕ್ಟ್ರಿಕ್‌ಗೆ ತಿರುಗಿಸಲು ಸುಮಾರು 120 ಕೋಟಿ ಯೂರೋ ವ್ಯಯಿಸಿದರು. ಸಾಮರ್ಥ್ಯ ವರ್ಷಕ್ಕೆ 3.3 ಲಕ್ಷ ಕಾರು. ಗೋಡೆ, ಚಾವಣಿ, ರೈಲು ಸಂಪರ್ಕ, ಕೆಲಸ ಬಲ್ಲ ಜನ ಎಲ್ಲ ಮೊದಲೇ ಇದ್ದರೂ ಇಷ್ಟು ಬೇಕಾಯಿತು. ಸೆಲ್ ಕಾರ್ಖಾನೆಯ ಖರ್ಚು ಇದರಲ್ಲಿ ಸೇರಿಲ್ಲ.

ಈಗ ನಷ್ಟದ ಲೆಕ್ಕ. ಹೊಸ ಕಾರ್ಖಾನೆಗೆ 200 ಕೋಟಿ ಡಾಲರ್ ಹಾಕಿದ್ದೀರಿ, ಆ ಖರ್ಚನ್ನು ಯಂತ್ರಗಳ ಸವಕಳಿ ಎಂದು 8 ವರ್ಷಕ್ಕೆ ಹಂಚಿದ್ದೀರಿ ಎಂದುಕೊಳ್ಳಿ. ವರ್ಷಕ್ಕೆ 25 ಕೋಟಿ ಡಾಲರ್ ಕಾರುಗಳ ಮೇಲೆ ಬೀಳಬೇಕು. ನಿಮಿಷಕ್ಕೊಂದು ಕಾರು, ದಿನಕ್ಕೆ ಎರಡು ಪಾಳಿ ಸೇರಿ 16 ಗಂಟೆ, ವರ್ಷಕ್ಕೆ 250 ದಿನ ಓಡಿಸಿದರೆ 2.4 ಲಕ್ಷ ಕಾರು. ಲೈನ್ ನಿಲ್ಲುವ ಸಮಯ ಕಳೆದು 85% ಹಿಡಿದರೆ ಸುಮಾರು 2 ಲಕ್ಷ. ಆಗ ಒಂದು ಕಾರಿನ ಮೇಲೆ 1,250 ಡಾಲರ್. ಮೊದಲ ವರ್ಷ 20,000 ಕಾರು ಮಾತ್ರ ಬಂದರೆ ಅದೇ ಸವಕಳಿ ಒಂದು ಕಾರಿನ ಮೇಲೆ 12,500 ಡಾಲರ್. ಎರಡು ಪಾಳಿಗೆಂದು ತೆಗೆದುಕೊಂಡ ಕಾರ್ಮಿಕರ ಸಂಬಳ, ಕನಿಷ್ಠ ಇಷ್ಟು ಕೊಳ್ಳುತ್ತೇವೆ ಎಂದು ಪೂರೈಕೆದಾರರಿಗೆ ಕೊಟ್ಟ ಮಾತಿನ ದಂಡ ಇದರ ಮೇಲೆ. ಅದೇ ಕಾರು, ಅದೇ ಯಂತ್ರ. ಬದಲಾಗಿದ್ದು ಭಾಗಿಸುವ ಸಂಖ್ಯೆ ಮಾತ್ರ. ಆದ್ದರಿಂದ ಆರಂಭದ ವರ್ಷಗಳ 'ಕಾರಿಗಿಷ್ಟು ನಷ್ಟ' ಎಂಬ ತಲೆಬರಹ ಓದಿದಾಗ ಅದರಲ್ಲಿ ಎಷ್ಟು ಭಾಗ ಸ್ಥಿರ ಖರ್ಚು, ಎಷ್ಟು ಭಾಗ ಸಾಮಗ್ರಿ ಖರ್ಚು ಎಂದು ಕೇಳಬೇಕು. ಸ್ಥಿರ ಖರ್ಚಾದರೆ ಹೆಚ್ಚು ಮಾಡಿದಷ್ಟೂ ಕರಗುತ್ತದೆ. ಸಾಮಗ್ರಿಯ ಖರ್ಚೇ ಮಾರಾಟದ ಬೆಲೆಗಿಂತ ಹೆಚ್ಚಿದ್ದರೆ, ಹೆಚ್ಚು ಮಾಡಿದಷ್ಟೂ ಮುಳುಗುತ್ತೀರಿ. ಆಗ ವಿನ್ಯಾಸವನ್ನೇ ಬದಲಿಸಬೇಕು.

ಅಮೆರಿಕದ ಎಲೆಕ್ಟ್ರಿಕ್ ವಾಹನ ಕಂಪನಿ ರಿವಿಯನ್ ಎರಡನ್ನೂ ಅನುಭವಿಸಿತು. ಅದರ ತಯಾರಿಕೆ 2021ರಲ್ಲಿ 1,015, 2022ರಲ್ಲಿ 24,337, 2023ರಲ್ಲಿ 57,232. ಸಂಖ್ಯೆ ಏರಿದರೂ ನಷ್ಟ ಸಾಕಷ್ಟು ಇಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಕಾರ್ಖಾನೆಯನ್ನು ಕೆಲವು ವಾರ ಮುಚ್ಚಿ, ಲೈನನ್ನೂ ಕಾರನ್ನೂ ಬದಲಿಸಿದರು. ಕಾರಿನೊಳಗಿನ ಕಂಪ್ಯೂಟರ್ ಪೆಟ್ಟಿಗೆಗಳನ್ನು 17ರಿಂದ 7ಕ್ಕೆ ಇಳಿಸಿದ್ದರಿಂದ ಪ್ರತಿ ಕಾರಿನಲ್ಲೂ ಸುಮಾರು 2.5 ಕಿಲೋಮೀಟರ್ ವೈರು ಉಳಿಯಿತು. ವೈರು ಉಳಿದರೆ ತಾಮ್ರ, ತೂಕ, ಅದನ್ನು ಕೂರಿಸುವ ಕೈಗಳು ಎಲ್ಲವೂ ಉಳಿದಂತೆ. ಮೊದಲ ಬಾರಿಗೆ ಒಟ್ಟು ಲಾಭ (ಮಾರಾಟದ ಹಣದಲ್ಲಿ ತಯಾರಿಕೆಯ ಖರ್ಚು ಕಳೆದು ಉಳಿಯುವುದು) ಕಂಡದ್ದು 2024ರ ಕೊನೆಯ ತ್ರೈಮಾಸಿಕದಲ್ಲಿ. ಅದರಲ್ಲೂ ಮಾಲಿನ್ಯ ನಿಯಮ ಪೂರೈಸಲಾಗದ ಬೇರೆ ಕಂಪನಿಗಳಿಗೆ ಮಾರಿದ ಮಾಲಿನ್ಯ ಕ್ರೆಡಿಟ್‌ಗಳ ಹಣ ದೊಡ್ಡ ಪಾಲು.

ಪ್ರಶ್ನೆ: ಎಲ್ಲರೂ ಬ್ಯಾಟರಿ ಸೆಲ್ ಕಾರ್ಖಾನೆಯೇ ಕಷ್ಟ ಎನ್ನುತ್ತಾರೆ. ರಸಾಯನ ವಿಜ್ಞಾನ ತಿಳಿದಿದೆ, ಯಂತ್ರಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಕಷ್ಟ ಯಾವುದು?

ಉತ್ತರ: ತಪ್ಪು ತಡವಾಗಿ ಗೊತ್ತಾಗುವುದು.

ಪ್ರಮಾಣ ಮೊದಲು. 60 ಕಿಲೋವ್ಯಾಟ್ ಅವರ್ ಪ್ಯಾಕ್ ಇರುವ 1 ಲಕ್ಷ ಕಾರಿಗೆ ವರ್ಷಕ್ಕೆ 6 ಗಿಗಾವ್ಯಾಟ್ ಅವರ್ (60 ಲಕ್ಷ ಕಿಲೋವ್ಯಾಟ್ ಅವರ್) ಸೆಲ್ ಬೇಕು. ಪೌಡರ್, ಕಾರ್ಬನ್, ಅಂಟುಪದಾರ್ಥ ಮತ್ತು ದ್ರಾವಕ ಕಲಸಿ ಹಿಟ್ಟು ಮಾಡುತ್ತಾರೆ. ಅದನ್ನು ತಾಮ್ರದ ಮತ್ತು ಅಲ್ಯೂಮಿನಿಯಂನ ಹಾಳೆಗಳ ಮೇಲೆ ಸವರುತ್ತಾರೆ. ತಾಮ್ರದ ಹಾಳೆಯ ದಪ್ಪ 6ರಿಂದ 10 ಮೈಕ್ರಾನ್. ಒಂದು ಮಿಲಿಮೀಟರಿಗೆ ನೂರಕ್ಕೂ ಹೆಚ್ಚು ಹಾಳೆ. ನಿಮಿಷಕ್ಕೆ ಹತ್ತಾರು ಮೀಟರ್ ವೇಗದಲ್ಲಿ ಓಡುವ ಆ ಹಾಳೆ ಹತ್ತಾರು ಮೀಟರ್ ಉದ್ದದ ಒಲೆಯೊಳಗೆ ಹಾದು ಒಣಗುತ್ತದೆ. ಬೇಗ ಒಣಗಿಸಿದರೆ ಅಂಟುಪದಾರ್ಥ ಮೇಲಕ್ಕೆ ಬಂದು ಲೇಪ ಹಾಳೆಯಿಂದ ಉದುರುತ್ತದೆ. ನಿಧಾನ ಮಾಡಿದರೆ ಲೆಕ್ಕ ಕೆಡುತ್ತದೆ. ಒಣಗಿದ ಮೇಲೆ ರೋಲರ್‌ಗಳ ನಡುವೆ ಒತ್ತಿ, ಕತ್ತರಿಸಿ, ಎರಡು ಹಾಳೆಗಳು ತಾಗದಂತೆ ಮಧ್ಯೆ ಸೆಪರೇಟರ್ ಎಂಬ ತೆಳು ಪೊರೆ ಇಟ್ಟು ಸುತ್ತುತ್ತಾರೆ ಅಥವಾ ಪೇರಿಸುತ್ತಾರೆ. ಕತ್ತರಿಸುವ ಅಲಗು ಮೊಂಡಾದರೆ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳು ಏಳುತ್ತದೆ. ಅದು ಸೆಪರೇಟರನ್ನು ಚುಚ್ಚಿದರೆ ಒಳಗೇ ಶಾರ್ಟ್. ಎಲೆಕ್ಟ್ರೋಲೈಟ್ ಎಂಬ ದ್ರವವನ್ನು ಸೆಲ್‌ಗೆ ತುಂಬುವ ಕೋಣೆಯ ಗಾಳಿಯಲ್ಲಿ ತೇವ ಇರಲೇಬಾರದು. ಮೈನಸ್ 40 ಡಿಗ್ರಿಗೆ ತಣಿಸಿದರೂ ಇಬ್ಬನಿ ಕಟ್ಟದಷ್ಟು ಒಣ ಗಾಳಿ ಬೇಕು. ಕೆಲಸಗಾರರ ಉಸಿರು, ಬೆವರಿನ ತೇವವನ್ನೂ ಹೊರಗೆಳೆಯುತ್ತಿರಬೇಕು. ಈ ಕೋಣೆ ಹಗಲೂ ರಾತ್ರಿ ವಿದ್ಯುತ್ ನುಂಗುತ್ತದೆ, ಸೆಲ್ ಬಂದರೂ ಸರಿ, ಬರದಿದ್ದರೂ ಸರಿ.

ಇಷ್ಟಾದ ಮೇಲೆ ಸೆಲ್‌ಗೆ ಮೊದಲ ಸಲ ನಿಧಾನವಾಗಿ ಚಾರ್ಜ್ ಕೊಟ್ಟು, ದಿನಗಟ್ಟಲೆ, ಕೆಲವೆಡೆ ಮೂರು ವಾರದವರೆಗೂ ಇಟ್ಟು, ವೋಲ್ಟೇಜ್ ತಾನಾಗಿ ಇಳಿಯುತ್ತದೆಯೇ ಎಂದು ಕಾಯುತ್ತಾರೆ. ಒಳಗಿನ ಸೂಕ್ಷ್ಮ ಶಾರ್ಟ್ ಬಯಲಾಗುವುದು ಇಲ್ಲಿ. ಅಂದರೆ ಇಂದು ಸವರುವ ಯಂತ್ರದಲ್ಲಾದ ತಪ್ಪು ಮೂರು ವಾರದ ನಂತರ ತಿಳಿಯಬಹುದು. ವರ್ಷಕ್ಕೆ 10 ಗಿಗಾವ್ಯಾಟ್ ಅವರ್ ಕಾರ್ಖಾನೆಯಲ್ಲಿ ದಿನಕ್ಕೆ ಸುಮಾರು 27 ಮೆಗಾವ್ಯಾಟ್ ಅವರ್ ಸೆಲ್ ಬರುತ್ತವೆ. ಮೂರು ವಾರಕ್ಕೆ 575 ಮೆಗಾವ್ಯಾಟ್ ಅವರ್, ಸುಮಾರು 9,600 ಕಾರುಗಳಿಗೆ ಆಗುವಷ್ಟು. ಕಿಲೋವ್ಯಾಟ್ ಅವರ್‌ಗೆ 80 ಡಾಲರ್ ಎಂದು ಹಿಡಿದರೆ 4.6 ಕೋಟಿ ಡಾಲರ್ ಮಾಲು ಅನುಮಾನದ ಪಟ್ಟಿಯಲ್ಲಿ. ಹೀಗಾಗಿ ಅನುಭವಿಗಳು ಪ್ರತಿ ಹಂತದಲ್ಲೂ ತೂಕ, ದಪ್ಪ, ಎಕ್ಸ್-ರೇ, ಕ್ಯಾಮೆರಾ ತಪಾಸಣೆ ಇಡುತ್ತಾರೆ. ಪ್ರತಿ ಸೆಲ್‌ಗೂ ಅದು ಯಾವ ರೋಲ್‌ನ ಎಷ್ಟನೇ ಮೀಟರಿನಿಂದ ಬಂತು ಎಂದು ಗುರುತು ಹಾಕುತ್ತಾರೆ. ಗುರುತು ಇಲ್ಲದಿದ್ದರೆ ಒಂದು ಗಂಟೆಯ ತಪ್ಪಿಗೆ ಒಂದು ತಿಂಗಳ ಸೆಲ್ ಎಸೆಯಬೇಕಾಗುತ್ತದೆ.

ಎಸೆಯುವುದರ ಬೆಲೆಯನ್ನೂ ನೋಡಿ. ಸೆಲ್‌ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಗ್ರಿಯದೇ. ಆರಂಭದಲ್ಲಿ ನೂರಕ್ಕೆ ಮೂವತ್ತು ಸೆಲ್ ಸ್ಕ್ರ್ಯಾಪ್‌ಗೆ ಹೋಗುವುದು ಅಪರೂಪವಲ್ಲ. ಆಗ ಒಳ್ಳೆಯ ಒಂದು ಸೆಲ್‌ಗೆ 1.43 ಸೆಲ್‌ನ ಸಾಮಗ್ರಿ ತಗಲುತ್ತದೆ. ಸ್ಕ್ರ್ಯಾಪ್ 5%ಕ್ಕೆ ಇಳಿದರೆ 1.05. ಈ ಎರಡು ಅಂಕಿಗಳ ನಡುವಿನ ಅಂತರವೇ ಹಲವು ಕಂಪನಿಗಳ ಅಳಿವು ಉಳಿವು. ಸ್ವೀಡನ್ನಿನ ನಾರ್ತ್‌ವೋಲ್ಟ್ 2021ರ ಡಿಸೆಂಬರ್‌ನಲ್ಲಿ ಶೆಲೆಫ್ಟಿಯೋ ಕಾರ್ಖಾನೆಯಲ್ಲಿ ಮೊದಲ ಸೆಲ್ ತೆಗೆಯಿತು. ಹೇಳಿದಷ್ಟು ಒಳ್ಳೆಯ ಸೆಲ್ ಹೇಳಿದ ಸಮಯಕ್ಕೆ ಬರಲಿಲ್ಲ. 2024ರ ಜೂನ್‌ನಲ್ಲಿ ಬಿಎಂಡಬ್ಲ್ಯೂ 200 ಕೋಟಿ ಯೂರೋ ಆರ್ಡರ್ ರದ್ದು ಮಾಡಿತು. 2025ರ ಮಾರ್ಚ್‌ನಲ್ಲಿ ಕಂಪನಿ ಸ್ವೀಡನ್ನಿನಲ್ಲಿ ದಿವಾಳಿಯಾಯಿತು. ಹಣ, ಆರ್ಡರ್, ವಿದ್ಯುತ್ ಮೂರೂ ಇದ್ದ ಕಂಪನಿ ಅದು.

ತಪಾಸಣೆ ತಪ್ಪಿಸಿಕೊಂಡು ಕಾರಿಗೆ ಸೇರಿದ ಸೆಲ್ ಇನ್ನೂ ದುಬಾರಿ. ಷೆವ್ರೊಲೆ ಬೋಲ್ಟ್ ಕಾರಿಗೆ ಎಲ್‌ಜಿ ಪೂರೈಸಿದ ಕೆಲವು ಸೆಲ್‌ಗಳಲ್ಲಿ ಆನೋಡ್ ಟ್ಯಾಬ್ (ಋಣ ಧ್ರುವದ ಸಂಪರ್ಕ ಪಟ್ಟಿ) ಹರಿದಿತ್ತು, ಸೆಪರೇಟರ್ ಮಡಿಸಿಕೊಂಡಿತ್ತು. ಎರಡೂ ಒಂದೇ ಸೆಲ್‌ನಲ್ಲಿದ್ದರೆ ಬೆಂಕಿಯ ಅಪಾಯ. 2021ರಲ್ಲಿ ಸುಮಾರು 1.4 ಲಕ್ಷ ಕಾರುಗಳನ್ನು, ಅಂದರೆ ಅಲ್ಲಿಯವರೆಗೆ ತಯಾರಾದ ಎಲ್ಲ ಬೋಲ್ಟ್‌ಗಳನ್ನೂ ಹಿಂಪಡೆದರು. ಎಲ್‌ಜಿ 190 ಕೋಟಿ ಡಾಲರ್‌ವರೆಗೆ ತುಂಬಿಕೊಡಲು ಒಪ್ಪಿತು. ಒಳ್ಳೆಯ ಸೆಲ್‌ಗಳು ಹಿಂಪಡೆದ ಕಾರುಗಳಿಗೆ ಮೊದಲು ಹೋದದ್ದರಿಂದ ಹೊಸ ಬೋಲ್ಟ್ ತಯಾರಿಕೆ 2022ರ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ನಿಂತೇ ಇತ್ತು.

ಪ್ರಶ್ನೆ: ಉತ್ಪಾದನೆ ದುಪ್ಪಟ್ಟಾದರೆ ಬ್ಯಾಟರಿ ಬೆಲೆ ಅರ್ಧವಾಗುತ್ತದೆ ಎಂದು ಕೇಳಿದ್ದೇವೆ. ನಿಜವೇ?

ಉತ್ತರ: ಅಷ್ಟಿಲ್ಲ. ವಿಮಾನ ತಯಾರಿಕೆಯ ಖರ್ಚನ್ನು ಅಧ್ಯಯನ ಮಾಡಿದ ಟಿ.ಪಿ. ರೈಟ್ 1936ರಲ್ಲಿ ಹೇಳಿದ ಸೂತ್ರವೇ ಇಲ್ಲೂ ನಡೆಯುತ್ತದೆ: ಅದುವರೆಗಿನ ಒಟ್ಟು ತಯಾರಿಕೆ ದುಪ್ಪಟ್ಟಾದಾಗಲೆಲ್ಲ ಖರ್ಚು ಒಂದು ನಿಶ್ಚಿತ ಶೇಕಡಾದಷ್ಟು ಇಳಿಯುತ್ತದೆ. ಲಿಥಿಯಂ ಬ್ಯಾಟರಿಗೆ ಅದು 20%ರ ಆಸುಪಾಸು. ಮೂರು ಸಲ ದುಪ್ಪಟ್ಟಾದರೆ, ಅಂದರೆ ಎಂಟು ಪಟ್ಟಾದರೆ, 100 ಇದ್ದದ್ದು 51 ಆಗುತ್ತದೆ. 'ಅದುವರೆಗಿನ ಒಟ್ಟು' ಎಂಬುದನ್ನು ಗಮನಿಸಿ. ವರ್ಷದ ತಯಾರಿಕೆ ದುಪ್ಪಟ್ಟಾಗುವುದು ಬೇರೆ. ಆರಂಭದಲ್ಲಿ ದುಪ್ಪಟ್ಟಾಗಲು ಒಂದು ವರ್ಷ ಸಾಕು, ಮುಂದೆ ಮುಂದೆ ಹಲವು ವರ್ಷ ಬೇಕು.

ಇನ್ನೊಂದು ಮಿತಿಯೂ ಇದೆ. ಕಲಿಕೆಯಿಂದ ಇಳಿಯುವುದು ಯಂತ್ರ, ಕೂಲಿ, ಸ್ಕ್ರ್ಯಾಪ್‌ಗಳ ಖರ್ಚು. ಲಿಥಿಯಂ, ನಿಕಲ್, ತಾಮ್ರದ ಬೆಲೆ ಮಾರುಕಟ್ಟೆಯ ಕೈಯಲ್ಲಿದೆ. ಕಾರ್ಖಾನೆ ಎರಡು ಮೂರು ವರ್ಷದಲ್ಲಿ ಎದ್ದರೆ, ಗಣಿಗೆ ಅದಿರು ಪತ್ತೆಯಾದ ದಿನದಿಂದ ಉತ್ಪಾದನೆಯವರೆಗೆ ಸರಾಸರಿ 16 ವರ್ಷ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿದೆ. ಈ ಎರಡು ಗಡಿಯಾರ ಹೊಂದದಾಗ ಬೆಲೆ ಜಿಗಿಯುತ್ತದೆ. 2022ರ ಕೊನೆಗೆ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನ್‌ಗೆ ಹತ್ತಿರ ಹೋಗಿತ್ತು. 2024ರ ಆರಂಭಕ್ಕೆ 1 ಲಕ್ಷದ ಆಸುಪಾಸಿಗೆ ಕುಸಿಯಿತು. ಇಂಧನ ಸಂಶೋಧನಾ ಸಂಸ್ಥೆ ಬ್ಲೂಮ್‌ಬರ್ಗ್‌ಎನ್‌ಇಎಫ್‌ನ ವಾರ್ಷಿಕ ಸಮೀಕ್ಷೆಯಲ್ಲಿ ಪ್ಯಾಕ್‌ನ ಸರಾಸರಿ ಬೆಲೆ ಕಿಲೋವ್ಯಾಟ್ ಅವರ್‌ಗೆ 2022ರಲ್ಲಿ 151 ಡಾಲರ್‌ಗೆ ಏರಿತು, ಸಮೀಕ್ಷೆ ಶುರುವಾದ ಮೇಲೆ ಅದೇ ಮೊದಲ ಏರಿಕೆ. 2023ರಲ್ಲಿ 139, 2024ರಲ್ಲಿ 115.

ಪ್ರಶ್ನೆ: ಒಂದೇ ಒಂದು ಸಣ್ಣ ಭಾಗ ಬರದಿದ್ದರೆ ಇಡೀ ಕಾರ್ಖಾನೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ. 2022ರ ಮಾರ್ಚ್‌ನಲ್ಲಿ ಉಕ್ರೇನ್‌ನಿಂದ ವೈರ್ ಹಾರ್ನೆಸ್, ಅಂದರೆ ಕಾರಿನ ವೈರುಗಳ ಕಂತೆ ಬರದೆ ಸ್ವಿಕಾವ್ ಲೈನ್ ನಿಂತಿತ್ತು. ಹಾರ್ನೆಸ್ಸನ್ನು ಇಂದಿಗೂ ಹೆಚ್ಚಾಗಿ ಕೈಯಲ್ಲೇ ಕಟ್ಟುತ್ತಾರೆ, ಒಂದೊಂದು ಮಾದರಿಗೂ ಒಂದೊಂದು ವಿನ್ಯಾಸ, ಮತ್ತು ಜೋಡಣೆಯಲ್ಲಿ ಅದು ಬಹಳ ಮುಂಚೆಯೇ ಕೂರಬೇಕು. ಹಿಂಬದಿ ಕನ್ನಡಿ ಇಲ್ಲದಿದ್ದರೆ ಕಾರನ್ನು ಬದಿಗಿಟ್ಟು ಆಮೇಲೆ ಹಾಕಬಹುದು; ಹಾರ್ನೆಸ್ ಇಲ್ಲದೆ ಮುಂದಿನ ಕೆಲಸ ಯಾವುದೂ ಆಗದು. ರಿವಿಯನ್ ಕೂಡ 2024ರಲ್ಲಿ ಒಂದು ಭಾಗದ ಕೊರತೆಯಿಂದ ಗುರಿಯನ್ನು 57,000ದಿಂದ 47,000-49,000ಕ್ಕೆ ಇಳಿಸಿತು. ಆ ವರ್ಷ ತಯಾರಾದದ್ದು 49,476.

ಹೆಚ್ಚು ಗಮನಕ್ಕೆ ಬಾರದ ಇನ್ನೊಂದು ಪೆಟ್ಟು ನಗದಿನದು. ಗಿರಾಕಿ ಕಾರು ಪಡೆದ ದಿನ ಹಣ ಕೊಡುತ್ತಾರೆ, ಪೂರೈಕೆದಾರರಿಗೆ ಎರಡು ತಿಂಗಳ ಮೇಲೆ ಕೊಟ್ಟರೆ ನಡೆಯುತ್ತದೆ. ತಯಾರಿಕೆ ಏರುತ್ತಿರುವಾಗ ಇದರಿಂದ ಕೈಯಲ್ಲಿ ಹಣ ಓಡಾಡುತ್ತದೆ. ಲೈನ್ ನಿಂತ ತಿಂಗಳು ಅದೇ ಲೆಕ್ಕ ತಿರುಗುತ್ತದೆ: ಮಾರಲು ಕಾರಿಲ್ಲ, ಎರಡು ತಿಂಗಳ ಹಿಂದಿನ ಬಿಲ್ಲುಗಳು ಬಾಗಿಲಲ್ಲಿ.

ಪ್ರಶ್ನೆ: ಸ್ವಂತ ಕಾರ್ಖಾನೆ ಕಟ್ಟದೆ ಬೇರೆಯವರ ಕೈಲಿ ಮಾಡಿಸಿದರೆ ಹಣ, ಸಮಯ ಎರಡೂ ಉಳಿಯುವುದಿಲ್ಲವೇ?

ಉತ್ತರ: ತಯಾರಿಕೆಯ ಮಟ್ಟಿಗೆ ಉಳಿಯುತ್ತದೆ. ಆಸ್ಟ್ರಿಯಾದ ಗ್ರಾಜ್‌ನಲ್ಲಿರುವ ಮ್ಯಾಗ್ನಾ ಸ್ಟೇಯರ್ ಕಂಪನಿ ಜಾಗ್ವಾರ್‌ನ ಐ-ಪೇಸ್ ಕಾರನ್ನು ಹಾಗೆಯೇ ಮಾಡಿಕೊಟ್ಟಿತು. ಫಿಸ್ಕರ್ ಕಂಪನಿಯ ಓಷನ್ ಕೂಡ ಅಲ್ಲೇ ತಯಾರಾಯಿತು: 2023ರಲ್ಲಿ 10,193 ಕಾರು. ಆದರೆ ಆ ವರ್ಷ ಗಿರಾಕಿಗಳಿಗೆ ತಲುಪಿದ್ದು ಅದರ ಅರ್ಧಕ್ಕಿಂತ ಕಡಿಮೆ. ಸಾಫ್ಟ್‌ವೇರ್ ಹದವಾಗಿರಲಿಲ್ಲ, ಮಾರಾಟ ಮತ್ತು ಸರ್ವಿಸ್ ಜಾಲ ಸಾಲಲಿಲ್ಲ. 2024ರ ಜೂನ್‌ನಲ್ಲಿ ಫಿಸ್ಕರ್ ದಿವಾಳಿ ಅರ್ಜಿ ಹಾಕಿತು. ಕಾರು ಕಟ್ಟುವುದನ್ನು ಗುತ್ತಿಗೆಗೆ ಕೊಡಬಹುದು. ಸಾಫ್ಟ್‌ವೇರ್, ಬಿಡಿಭಾಗದ ದಾಸ್ತಾನು, ರಿಪೇರಿ ಇವುಗಳ ಹೊಣೆ ಗುತ್ತಿಗೆ ಕೊಟ್ಟವರ ಮೇಲೇ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ ಚೀನಾದ ಫೋನ್ ಕಂಪನಿ ಶಾವೊಮಿ: 2021ರ ಮಾರ್ಚ್‌ನಲ್ಲಿ ಕಾರು ಮಾಡುತ್ತೇವೆಂದು ಘೋಷಿಸಿ, ಬೀಜಿಂಗ್‌ನಲ್ಲಿ ಸ್ವಂತ ಕಾರ್ಖಾನೆ ಕಟ್ಟಿ, 2024ರ ಮಾರ್ಚ್‌ನಲ್ಲಿ ಮಾರಾಟ ಶುರು ಮಾಡಿ, ಅದೇ ನವೆಂಬರ್‌ಗೆ 1 ಲಕ್ಷ ಕಾರು ಮುಟ್ಟಿತು. ಸೆಲ್‌ಗಳನ್ನು ಮಾತ್ರ ಪಳಗಿದ ಕಂಪನಿಗಳಿಂದಲೇ ಕೊಂಡಿತು. ನಮ್ಮ ದೃಷ್ಟಿಯಲ್ಲಿ ಹೊಸಬರಿಗೆ ಇದೇ ಸರಿಯಾದ ಹಂಚಿಕೆ: ಕಾರು ತಮ್ಮದು, ಸೆಲ್ ಬಲ್ಲವರದು.

ಪ್ರಶ್ನೆ: ಕಂಪನಿಗಳ ಘೋಷಣೆಯನ್ನು ಹೇಗೆ ಓದಬೇಕು? ಮೊದಲ ವರ್ಷದ ಕಾರು ಕೊಳ್ಳಬಹುದೇ?

ಉತ್ತರ: 'ಸಾಮರ್ಥ್ಯ' ಎಂದರೆ ಯಂತ್ರಗಳು ಎಡೆಬಿಡದೆ ಓಡಿದರೆ ಬರುವ ಸಂಖ್ಯೆ, 'ವಾರಕ್ಕೆ ಇಷ್ಟು' ಎಂದರೆ ಬಹುತೇಕ ಅತ್ಯುತ್ತಮ ವಾರದ ಸಂಖ್ಯೆ. ನೀವು ನೋಡಬೇಕಾದದ್ದು ತ್ರೈಮಾಸಿಕ ತಯಾರಿಕೆ ಮತ್ತು ಹಸ್ತಾಂತರ, ಅವೆರಡರ ನಡುವಿನ ಅಂತರ. ತಯಾರಾದದ್ದಕ್ಕಿಂತ ಹಸ್ತಾಂತರ ಸತತ ಎರಡು ಮೂರು ತ್ರೈಮಾಸಿಕ ಬಹಳ ಹಿಂದಿದ್ದರೆ ಕಾರುಗಳು ಎಲ್ಲೋ ರಿಪೇರಿಗೆ ಅಥವಾ ಗಿರಾಕಿಗೆ ಕಾಯುತ್ತಿವೆ ಎಂದರ್ಥ. ವರ್ಷದ ಗುರಿಯನ್ನು ಮಧ್ಯದಲ್ಲಿ ಎಷ್ಟು ಸಲ ಇಳಿಸಿದರು ಎಂಬುದೂ ಸೂಚಕ. ಅಮೆರಿಕದ ಲೂಸಿಡ್ ಕಂಪನಿ 2022ಕ್ಕೆ 20,000 ಎಂದು ಆರಂಭಿಸಿ, ಎರಡು ಸಲ ಇಳಿಸಿ, ಕೊನೆಗೆ 7,180 ತಯಾರಿಸಿತು.

ಕೊಳ್ಳುವುದಾದರೆ, ತಯಾರಿಕೆ ಶುರುವಾಗಿ ಆರೇಳು ತಿಂಗಳು ಕಳೆದ ಮೇಲಿನ ಕಾರು ಕೇಳಿ. ಬಾಗಿಲ ಕಂಬದ ಮೇಲಿನ ಪಟ್ಟಿಯಲ್ಲಿ ಹಲವು ದೇಶಗಳಲ್ಲಿ ತಯಾರಾದ ತಿಂಗಳು ಇರುತ್ತದೆ. ಚಾಸಿಸ್ ಸಂಖ್ಯೆ ಹಾಕಿ ಹಿಂಪಡೆತದ ಪಟ್ಟಿಯಲ್ಲಿದೆಯೇ ನೋಡಿ. ರಿವಿಯನ್ 2022ರ ಅಕ್ಟೋಬರ್‌ನಲ್ಲಿ ಅದುವರೆಗಿನ ಹೆಚ್ಚುಕಡಿಮೆ ಎಲ್ಲ ಕಾರುಗಳನ್ನೂ ವಾಪಸ್ ಕರೆದದ್ದು ಮುಂದಿನ ಚಕ್ರವನ್ನು ಹಿಡಿದು ತಿರುಗಿಸುವ 'ಸ್ಟೀರಿಂಗ್ ನಕಲ್' ಎಂಬ ಭಾಗದ ಒಂದು ಬೋಲ್ಟ್ ಸರಿಯಾಗಿ ಬಿಗಿಯಾಗಿರಲಿಕ್ಕಿಲ್ಲ ಎಂಬ ಕಾರಣಕ್ಕೆ. ಕಾರು ಪಡೆಯುವ ದಿನ ನಾಲ್ಕೂ ಬಾಗಿಲ ಸಂದು ಒಂದೇ ಸಮ ಇದೆಯೇ ಬೆರಳಿಟ್ಟು ನೋಡಿ, ಡಿಕ್ಕಿಯ ತಳದಲ್ಲಿ ಮತ್ತು ಬಾಗಿಲ ರಬ್ಬರ್ ಕೆಳಗೆ ನೀರಿನ ಪಸೆ ಇದೆಯೇ ಮುಟ್ಟಿ ನೋಡಿ. ಹೊಸ ಎಲೆಕ್ಟ್ರಿಕ್ ಕಾರುಗಳು ರಸ್ತೆಯಲ್ಲಿ ನಿಲ್ಲುವುದಕ್ಕೆ ದೊಡ್ಡ ಪ್ಯಾಕ್‌ಗಿಂತ ಸಣ್ಣ 12 ವೋಲ್ಟ್ ಬ್ಯಾಟರಿಯೇ ಎಷ್ಟೋ ಸಲ ಕಾರಣ; ಅದರ ಸ್ಥಿತಿಯನ್ನು ಅಳೆಯಿಸಿ. ಮನೆ ಚಾರ್ಜರ್‌ನಲ್ಲಿ ಸರಿಯಾಗಿರುವ ಕಾರು ಫಾಸ್ಟ್ ಚಾರ್ಜರ್‌ನಲ್ಲಿ ಕೈಕೊಡಬಹುದು, ಏಕೆಂದರೆ ಸಂಪರ್ಕದ ದಾರಿ, ತಂಪುಗೊಳಿಸುವ ಪಂಪು, ಸಾಫ್ಟ್‌ವೇರ್ ಎಲ್ಲ ಅಲ್ಲಿ ಬೇರೆ ರೀತಿ ಕೆಲಸ ಮಾಡುತ್ತವೆ. ಆದ್ದರಿಂದ ಹಸ್ತಾಂತರದ ಕಾಗದಕ್ಕೆ ಸಹಿ ಹಾಕುವ ಮೊದಲು ಹತ್ತು ನಿಮಿಷವಾದರೂ ಫಾಸ್ಟ್ ಚಾರ್ಜರ್‌ಗೆ ಹಾಕಿಸಿ, ಪರದೆಯ ಮೇಲೆ ಎಷ್ಟು ಕಿಲೋವ್ಯಾಟ್ ತೋರಿಸುತ್ತದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ.